ಮಾರಾಟಕ್ಕಿಟ್ಟ ಮನೆಯಲ್ಲಿ ಗೊಂಬೆ ಕೂರಿಸಿದ್ದು

ಮೈಸೂರಿನಲ್ಲಿ ಮನೆ ಮಾರಾಟಕ್ಕಿಟ್ಟವರಿಗೆ ಪಿತೃಪಕ್ಷ ಪೂರ್ತಿ ಬಿಡುವು. ಬ್ರೋಕರ್ ಫೋನ್ ಮಾಡುವುದು ಅಪರೂಪ, ಬಂದು ನೋಡಿದವರೂ ಅಡ್ವಾನ್ಸಿನ ಮಾತೆತ್ತುವುದಿಲ್ಲ. ಮಹಾಲಯ ಅಮಾವಾಸ್ಯೆ ಕಳೆದದ್ದೇ ತಡ, ಎಲ್ಲ ಬದಲಾಗುತ್ತದೆ. ಮಕ್ಕಳಿಗೆ ದಸರಾ ರಜೆ. ಬೆಂಗಳೂರಿನಿಂದ ನೆಂಟರ ಮನೆಗೆ ಬಂದವರು ‘ಹಾಗೇ ಒಂದೆರಡು ಮನೆ ನೋಡಿಕೊಂಡು ಹೋಗೋಣ’ ಅಂತ ಹೊರಡುತ್ತಾರೆ. 2023ರಲ್ಲಿ ಎಕ್ಸ್‌ಪ್ರೆಸ್‌ವೇ ಆದ ಮೇಲೆ ಬೆಳಗ್ಗೆ ಬಂದು ಮನೆ ನೋಡಿ ಸಂಜೆಗೆ ವಾಪಸಾಗುವುದೂ ಸುಲಭ. ಯುಗಾದಿ, ಅಕ್ಷಯ ತದಿಗೆಯಂತೆ ವಿಜಯದಶಮಿಗೂ ಪಂಚಾಂಗ ನೋಡಬೇಕಿಲ್ಲ. ಟೋಕನ್ ಕೊಡುವುದಿದ್ದರೆ ಅವತ್ತೇ ಕೊಡುತ್ತೇವೆ ಅನ್ನುವವರಿದ್ದಾರೆ. ಹೀಗೆ ಮನೆಗೆ ಗಿರಾಕಿಗಳು ಬರುವ ದಿನಗಳೂ ಮನೆಯಲ್ಲಿ ಗೊಂಬೆ ಕೂರುವ ದಿನಗಳೂ ಒಂದೇ ಆಗಿಬಿಡುತ್ತವೆ.

ನಮ್ಮದು ಕುವೆಂಪುನಗರದಲ್ಲಿ ಮಾವನವರು ಕಟ್ಟಿಸಿದ ಮನೆ. ಕೆಂಪು ನೆಲ, ಉದ್ದನೆಯ ಹಾಲು, ಪೂರ್ವಕ್ಕೆ ಬಾಗಿಲು. ‘ಈ ಸಲ ಗೊಂಬೆ ಕೂರಿಸ್ಬೇಡಿ ಮೇಡಂ, ಹಾಲ್ ಖಾಲಿ ಇದ್ರೆ ದೊಡ್ಡದಾಗಿ ಕಾಣುತ್ತೆ’ ಅಂದರು ಬ್ರೋಕರ್. ಅವರ ಮಾತಿನಲ್ಲಿ ಅರ್ಥವಿತ್ತು. ಆದರೆ ಮದುವೆಯಲ್ಲಿ ತವರಿನವರು ಕೊಟ್ಟ ಪಟ್ಟದ ಗೊಂಬೆಗಳನ್ನು, ಆ ರಾಜ-ರಾಣಿ ಜೋಡಿಯನ್ನು, ನಾನು ಯಾವ ನವರಾತ್ರಿಯಲ್ಲೂ ಪೆಟ್ಟಿಗೆಯಲ್ಲಿ ಬಿಟ್ಟವಳಲ್ಲ. ಈ ಮನೆಯ ಕೊನೆಯ ದಸರೆಗೆ ಬಿಡುವುದಂತೂ ನನ್ನಿಂದಾಗದು. ಅದೂ ಅಲ್ಲದೆ, ಮನೆಯ ಅನುಕೂಲ-ಅನಾನುಕೂಲ ಗೊತ್ತಾಗುವುದು ಹಬ್ಬದಲ್ಲೇ ಅನ್ನುವುದು ನನ್ನ ಗಟ್ಟಿ ನಂಬಿಕೆ. ಅರಿಶಿನ-ಕುಂಕುಮಕ್ಕೆ ಹತ್ತು ಜನ ಕೂತರೆ ಅಡುಗೆಮನೆಗೆ ಓಡಾಡಲು ದಾರಿ ಉಳಿಯುತ್ತದೆಯೇ, ಚಪ್ಪಲಿ ಎಲ್ಲಿ ಬಿಡುತ್ತಾರೆ, ಆರತಿಯ ಹೊತ್ತಿಗೆ ಗಾಳಿ ಆಡುತ್ತದೆಯೇ, ಇದನ್ನೆಲ್ಲ ಖಾಲಿ ಹಾಲು ಹೇಳುವುದಿಲ್ಲ. ಗೊಂಬೆ ಕೂರಿಸುವುದೇ ಸರಿ, ಆದರೆ ಮನೆಯ ಯಾವ ಭಾಗವೂ ಮುಚ್ಚಿಹೋಗಬಾರದು ಅಂತ ತೀರ್ಮಾನಿಸಿದೆ.

ಅಲಂಕಾರಕ್ಕೆ ಕೈ ಹಾಕುವ ಮೊದಲೇ ಇಡೀ ಮನೆಯ ಫೋಟೋ ತೆಗೆಸಿಟ್ಟೆವು. ಜಾಹೀರಾತಿನ ಫೋಟೋದಲ್ಲಿ ಗೊಂಬೆ, ತೋರಣ ಇದ್ದರೆ ಸಂಕ್ರಾಂತಿ ಹೊತ್ತಿಗೆ ನೋಡಿದವರು ‘ಅಯ್ಯೋ, ದಸರಾದಿಂದ ಮಾರಾಟವಾಗದೆ ಕೂತಿದೆ’ ಅಂದುಕೊಳ್ಳುತ್ತಾರೆ. ಅಲ್ಲಿಂದ ಅವರು ಬೆಲೆ ಇಳಿಸಿಯೇ ಮಾತು ಶುರು ಮಾಡುವುದು.

ಪ್ರತಿ ವರ್ಷ ಹಾಲಿನ ಪಶ್ಚಿಮದ ಗೋಡೆಗೆ ಒಂಬತ್ತು ಹಂತ ಕಟ್ಟುತ್ತಿದ್ದೆವು. ಕಿಟಕಿ ಅರ್ಧ ಮುಚ್ಚಿಹೋಗುತ್ತಿತ್ತು. ಈ ಸಲ ಐದೇ ಹಂತ. ಹಂತಗಳು ಬೆಸಸಂಖ್ಯೆಯಲ್ಲಿದ್ದರೆ ಸಂಪ್ರದಾಯಕ್ಕೆ ಅಡ್ಡಿಯಿಲ್ಲ. ಬಿಚ್ಚಿ ಜೋಡಿಸುವ ಕಬ್ಬಿಣದ ಸ್ಟ್ಯಾಂಡನ್ನು ಹಾಲಿನ ಮೂಲೆಗೆ ಸರಿಸಿ, ಬಾಗಿಲಲ್ಲಿ ನಿಂತವರ ದೃಷ್ಟಿ ನೇರವಾಗಿ ಊಟದ ಮನೆಯವರೆಗೆ ಹರಿಯುವಂತೆ ನೋಡಿಕೊಂಡೆ. ಮೇಲೆ ಕಲಶ, ಅದರ ಪಕ್ಕ ರಕ್ತಚಂದನದ ರಾಜ-ರಾಣಿ, ಕೆಳಗೆ ದಶಾವತಾರ, ಅದರ ಕೆಳಗೆ ಜಂಬೂಸವಾರಿ, ಆಮೇಲೆ ಅಂಗಡಿ ಇಟ್ಟುಕೊಂಡ ಶೆಟ್ಟರು-ಶೆಟ್ಟಮ್ಮ. ಉಳಿದ ಗೊಂಬೆಗಳಿಗೆ ಆ ವರ್ಷ ವಿಶ್ರಾಂತಿ. ಯಾವುದನ್ನು ಬಿಡುವುದು ಅನ್ನುವುದಕ್ಕೇ ಒಂದು ಮಧ್ಯಾಹ್ನ ಹಿಡಿಯಿತು. ಹಾಸಿದ್ದು ಬಿಳಿ ಪಂಚೆಗಳು. ಕೆಂಪು ನೆಲದ ಮೇಲೆ ಬಿಳಿ ಎಷ್ಟು ಚೆನ್ನಾಗಿ ಏಳುತ್ತದೆ ಅಂದರೆ ಬಂದವರೆಲ್ಲ ಮೊದಲು ನೆಲವನ್ನೇ ಹೊಗಳಿದರು. ಗೊಂಬೆಯ ಮುಂದಿನ ಪಾರ್ಕಿಗೆ ರಾಗಿ ಪೈರು ಬೆಳೆಸುವಾಗ ಮಾತ್ರ ಮಣ್ಣನ್ನು ನೆಲದ ಮೇಲೆ ಹರಡದೆ ಅಂಚಿರುವ ತಟ್ಟೆಗಳಲ್ಲೇ ಬಿತ್ತಿದೆ. ದಿನಾ ನೀರು ಚಿಮುಕಿಸುವ ಜಾಗ, ಹಳೆಯ ನೆಲಕ್ಕೆ ಕಲೆ ಕೂತರೆ ಹೋಗುವುದಿಲ್ಲ.

ವಾಸನೆಯ ವಿಷಯ ಬಹಳ ಜನ ಯೋಚಿಸುವುದಿಲ್ಲ. ವರ್ಷವಿಡೀ ನುಸಿಗುಳಿಗೆಯ ಜೊತೆ ಟ್ರಂಕಿನಲ್ಲಿದ್ದ ಗೊಂಬೆಗಳನ್ನು ನೇರವಾಗಿ ಹಾಲಿಗೆ ತಂದರೆ ಮನೆಯೇ ಮುಚ್ಚಿಟ್ಟ ಕೋಣೆಯ ವಾಸನೆ ಹೊಡೆಯುತ್ತದೆ. ಪಿತೃಪಕ್ಷದಲ್ಲೇ ಟ್ರಂಕುಗಳನ್ನು ಇಳಿಸಿ, ಗೊಂಬೆಗಳನ್ನು ನೆರಳಿನಲ್ಲೂ ಹೊದಿಕೆ ಬಟ್ಟೆಗಳನ್ನು ಬಿಸಿಲಿನಲ್ಲೂ ಹರವಿದೆ. ಖಾಲಿ ಟ್ರಂಕುಗಳು ಟೆರೇಸಿನ ರೂಮಿಗೆ ಹೋದವು. ಗಿರಾಕಿಗಳು ಪ್ರತಿ ಕೋಣೆಯ ಬಾಗಿಲನ್ನೂ ತೆಗೆದು ನೋಡುತ್ತಾರೆ. ಹಾಗಂತ ಊದುಬತ್ತಿ, ಧೂಪ ದಟ್ಟವಾಗಿ ಹಾಕುವುದೂ ತಪ್ಪು. ಮನೆ ಕೊಳ್ಳುವವರು ಅನುಮಾನದವರು, ಅನುಮಾನ ಪಡಬೇಕಾದವರೂ ಹೌದು. ಇಷ್ಟೊಂದು ಪರಿಮಳ ಯಾಕೆ, ಎಲ್ಲಿಯಾದರೂ ಗೋಡೆ ಒದ್ದೆಯಾಗಿದೆಯೇ ಅಂತ ಯೋಚಿಸುತ್ತಾರೆ. ಬೆಳಗಿನ ಪೂಜೆಗೆ ಎರಡು ಕಡ್ಡಿ ಹಚ್ಚಿ ಕಿಟಕಿಗಳನ್ನೆಲ್ಲ ತೆಗೆದಿಡುತ್ತಿದ್ದೆ.

ನಿಜಕ್ಕೂ ಒಂದು ಗೋಡೆಯಲ್ಲಿ ತೇವದ ಗುರುತಿತ್ತು, ಉತ್ತರದ ರೂಮಿನಲ್ಲಿ. ಮಳೆಗಾಲಕ್ಕೆ ಮೊದಲೇ ತಾರಸಿ ರಿಪೇರಿ ಆಗಿತ್ತು, ಗುರುತು ಮಾತ್ರ ಉಳಿದಿತ್ತು. ಅಲ್ಲೊಂದು ದೊಡ್ಡ ತೋರಣ ಬಿಟ್ಟರೆ ಚೆನ್ನಾಗಿರುತ್ತದೆ ಅಂತ ಮನೆಯವರೇ ಸೂಚಿಸಿದರು. ನಾನು ಒಪ್ಪಲಿಲ್ಲ. ದೇವಿಯನ್ನು ಕೂರಿಸಿಕೊಂಡ ಮನೆಯಲ್ಲಿ ಹಬ್ಬದ ಅಲಂಕಾರದಿಂದಲೇ ದೋಷ ಮುಚ್ಚುವುದೆಂದರೆ ನನಗೆ ಸಹಿಸದು. ಆ ಗೋಡೆ ಬರಿದಾಗಿಯೇ ಇತ್ತು. ಬಂದವರಿಗೆ ನಾನೇ ಅದನ್ನು ತೋರಿಸಿ ರಿಪೇರಿಯ ರಸೀದಿಯನ್ನೂ ಮುಂದಿಟ್ಟೆ.

ಉಳಿದ ಅಲಂಕಾರದಲ್ಲಿ ಗಮನ ಬೇಕಾದದ್ದು ಗೋಡೆ-ಬಾಗಿಲಿಗೆ. ಅಂಟಿಸುವ ಟೇಪು ಕಿತ್ತಾಗ ಬಣ್ಣದ ಸಮೇತ ಬರುತ್ತದೆ, ಮೊಳೆ ಹೊಡೆಯುವ ಪ್ರಶ್ನೆಯೇ ಇಲ್ಲ. ಹಾರಗಳನ್ನೆಲ್ಲ ನೂಲಿನಿಂದ ಕಿಟಕಿಯ ಸರಳಿಗೆ, ಹಳೆಯ ಕೊಕ್ಕೆಗಳಿಗೆ ಕಟ್ಟಿದೆ. ಮಾವಿನ ತೋರಣ ಎರಡೇ ದಿನಕ್ಕೆ ಸುರುಟುತ್ತದೆ, ಚೆಂಡುಹೂವು ಬಾಡಿ ಕಪ್ಪಾಗುತ್ತದೆ. ನಮ್ಮ ನೆಂಟರು ಅದನ್ನು ಲೆಕ್ಕಕ್ಕಿಡುವುದಿಲ್ಲ. ಮನೆ ನೋಡಲು ಬಂದವರಿಗೆ ಬಾಗಿಲಲ್ಲೇ ಬಾಡಿದ ಹೂವು ಕಂಡರೆ ಮನೆಯನ್ನೂ ಹಾಗೇ ನೋಡಿಕೊಂಡಿರಬೇಕು ಅನ್ನಿಸುತ್ತದೆ. ದೇವರಾಜ ಮಾರುಕಟ್ಟೆಯಿಂದ ಒಂದೇ ಸಲ ರಾಶಿ ತರುವುದು ಬಿಟ್ಟು ಸ್ವಲ್ಪಸ್ವಲ್ಪವೇ ತಂದು ಬದಲಿಸಿದೆ. ಆಯುಧಪೂಜೆಯ ಬಾಳೆಕಂದು ಮುಂಬಾಗಿಲಿಗೆ ಕಟ್ಟಿದರೆ ಬಾಗಿಲು ಕಿರಿದಾಗಿ ಕಾಣುತ್ತದೆ, ಅದಕ್ಕೆ ಗೇಟಿನ ಕಂಬಗಳಿಗೆ ಕಟ್ಟಿದೆವು. ಹೊಸ ಬಣ್ಣದ ಗೋಡೆಗೆ, ಸ್ವಿಚ್‌ಬೋರ್ಡಿಗೆ ಅರಿಶಿನ-ಕುಂಕುಮ ಇಡದೆ ಹೂವು, ಅಕ್ಷತೆಯಿಂದ ಪೂಜಿಸಿದೆ. ಬೂದುಗುಂಬಳ ಒಡೆದ ಕುಂಕುಮದ ಕಲೆ ಸಿಮೆಂಟಿಗೆ ಹತ್ತದಂತೆ ಆ ಕೂಡಲೇ ತೊಳೆದೆವು.

ಮನೆ ತೋರಿಸುವ ಹೊತ್ತು ಬೆಳಗ್ಗೆ ಹತ್ತರಿಂದ ಹನ್ನೆರಡು ಅಂತ ಬ್ರೋಕರಿಗೆ ಖಚಿತವಾಗಿ ಹೇಳಿಟ್ಟಿದ್ದೆ. ಸಂಜೆ ಗೊಂಬೆ ನೋಡಲು ಬರುವವರದ್ದು. ದೀಪಾಲಂಕಾರ ನೋಡುವ ಜನಸಂದಣಿಯಲ್ಲಿ ಸಂಜೆ ಊರಿನೊಳಗೆ ಕಾರು ನುಗ್ಗಿಸುವುದೂ ಕಷ್ಟ. ಸರಸ್ವತಿ ಪೂಜೆ, ಆಯುಧಪೂಜೆಯ ದಿನ ಯಾರನ್ನೂ ಕರೆಸಲಿಲ್ಲ. ಅಪರಿಚಿತರು ಒಳಗೆಲ್ಲ ಓಡಾಡುವ ದಿನಗಳಾದ್ದರಿಂದ ಬೆಳ್ಳಿಯ ಸಾಮಾನು, ದೇವಿಗೆ ಹಾಕುವ ಒಡವೆ ಬ್ಯಾಂಕ್ ಲಾಕರಿನಲ್ಲೇ ಉಳಿದವು; ಕಲಶಕ್ಕೆ ತಾಮ್ರದ ಚೊಂಬು. ಬಂದ ಹೆಣ್ಣುಮಕ್ಕಳಿಗೆಲ್ಲ ಕುಂಕುಮ, ತಾಂಬೂಲ ಕೊಟ್ಟೆ. ಕೊಳ್ಳಲಿ ಬಿಡಲಿ, ನವರಾತ್ರಿಯಲ್ಲಿ ಹೊಸಿಲು ದಾಟಿ ಬಂದವರನ್ನು ಬರಿಗೈಯಲ್ಲಿ ಕಳಿಸಬಾರದು. ಎಲ್ಲಕ್ಕಿಂತ ಕೆಳಗಿನ ಹಂತವನ್ನು ಮಕ್ಕಳಿಗೆಂದೇ ಬಿಟ್ಟಿದ್ದೆ: ಮುಟ್ಟಿದರೆ ಒಡೆಯದ ಚನ್ನಪಟ್ಟಣದ ಬುಗುರಿ, ಗಾಡಿ, ಆನೆ. ಮಕ್ಕಳು ಅಲ್ಲಿ ಕೂತರೆ ಅಪ್ಪ-ಅಮ್ಮ ನಿಧಾನವಾಗಿ ಅಡುಗೆಮನೆಯ ನಲ್ಲಿ ತಿರುಗಿಸಿ, ಸಂಪಿನ ಮುಚ್ಚಳ ಎತ್ತಿ ನೋಡುತ್ತಿದ್ದರು.

ಬಂದವರೆಲ್ಲ ಗೊಂಬೆ ಕೂರಿಸುವವರೇ ಆಗಿರಲಿಲ್ಲ. ಒಂದು ಮುಸ್ಲಿಂ ಕುಟುಂಬ, ಒಂದು ಕ್ರೈಸ್ತ ಕುಟುಂಬವೂ ಬಂದಿದ್ದವು. ಹಾಲು, ದೇವರಮನೆ, ಮುಂಬಾಗಿಲು ಬಿಟ್ಟು ಬೇರೆಲ್ಲೂ ಅಲಂಕಾರ ಮಾಡದೆ ಇದ್ದದ್ದು ಆಗ ಒಳ್ಳೆಯದಾಯಿತು. ಮಲಗುವ ಕೋಣೆಗಳನ್ನು ಅವರು ತಮ್ಮ ಸಾಮಾನಿನ ಅಳತೆಗೆ ಲೆಕ್ಕ ಹಾಕಿಕೊಂಡರು. ಪುಟ್ಟ ದೇವರಮನೆಯನ್ನು ನೋಡಿ ಅವರಲ್ಲೊಬ್ಬ ಹೆಣ್ಣುಮಗಳು ‘ಇಲ್ಲಿ ನನ್ನ ಹೊಲಿಗೆ ಮೆಷಿನ್ ಇಡಬಹುದು’ ಅಂದಳು. ನನಗೆ ಬೇಸರವೇನೂ ಆಗಲಿಲ್ಲ. ಮನೆ ಇನ್ನೊಬ್ಬರದಾಗುವುದೆಂದರೆ ಅದೇ ತಾನೆ.

ಹಾಲಿನ ತೇಗದ ಉಯ್ಯಾಲೆಗೆ ಹೂವು ಸುತ್ತದೆ, ಬಿಚ್ಚಿ ಒಳಗಿಟ್ಟಿದ್ದೆ. ಅಲಂಕರಿಸಿ ತೂಗುಹಾಕಿದ್ದನ್ನು ಜನ ಮನೆಯ ಜೊತೆಗೇ ಬರುತ್ತದೆ ಅಂದುಕೊಳ್ಳುತ್ತಾರೆ, ಅದೇ ನಂತರ ಜಗಳಕ್ಕೆ ದಾರಿ. ಕೊಂಡುಹೋಗುವ ವಸ್ತುವನ್ನು ತೋರಿಸದಿರುವುದೇ ಸರಿ. ಇ-ಖಾತಾ, ಇಸಿ (ಋಣಭಾರ ಪ್ರಮಾಣಪತ್ರ), ಕಂದಾಯದ ರಸೀದಿಗಳ ಫೈಲು ಹಾಲಿನ ಮೇಜಿನ ಮೇಲೇ ಇರುತ್ತಿತ್ತು.

ಎರಡನೇ ಸಲ ಅತ್ತೆಯನ್ನೂ ಕರೆದುಕೊಂಡು ಬಂದ ದಂಪತಿ ವಿಜಯದಶಮಿಯ ಬೆಳಗ್ಗೆ, ಜಂಬೂಸವಾರಿಗೆ ರಸ್ತೆಗಳು ಮುಚ್ಚುವ ಮೊದಲೇ, ಟೋಕನ್ ಕೊಟ್ಟರು. ಆ ಹಿರಿಯರು ಕೇಳಿದ್ದು ಒಂದೇ ಪ್ರಶ್ನೆ: ‘ಒಂಬತ್ತು ಹಂತ ಇಟ್ಟರೆ ಎಲ್ಲಿ ಹಿಡಿಯುತ್ತಮ್ಮ?’ ಪಶ್ಚಿಮದ ಗೋಡೆ ತೋರಿಸಿ, ಕಿಟಕಿ ಅರ್ಧ ಮುಚ್ಚುತ್ತದೆ ಅನ್ನುವುದನ್ನೂ ಹೇಳಿದೆ. ಅವತ್ತು ರಾತ್ರಿ ಪಟ್ಟದ ಗೊಂಬೆಗಳನ್ನು ಮಲಗಿಸಿ, ಮಾರನೆಯ ದಿನ ಕಲಶ ಕದಲಿಸಿದ ಮೇಲೆ ಗೊಂಬೆಗಳನ್ನು ಲಾರಿಯ ಕುಲುಕಾಟಕ್ಕೆ ತಡೆಯುವಂತೆ ಒಂದೊಂದಾಗಿ ಹಳೆ ಸೀರೆಯ ತುಂಡಿನಲ್ಲಿ ಸುತ್ತಿ, ಟ್ರಂಕಿನ ಮೇಲೆ ಒಳಗಿರುವುದರ ಪಟ್ಟಿ ಅಂಟಿಸಿದೆ. ರಿಜಿಸ್ಟ್ರೇಷನ್ ದೀಪಾವಳಿಯ ನಂತರ. ಹಾಗಾಗಿ ಹಣತೆಗಳನ್ನೂ ಆ ಮನೆಯಲ್ಲೇ ಹಚ್ಚಿದೆವು, ಮೆಟ್ಟಿಲಿಗೆ ಎಣ್ಣೆ ಇಳಿಯದಂತೆ ಪ್ರತಿಯೊಂದರ ಕೆಳಗೂ ಬಾಳೆ ಎಲೆಯ ತುಂಡು ಇಟ್ಟು.