ನಮ್ಮ ಡೇಟಾಬೇಸ್ ಸ್ಪೀಡ್ ಆಗಿದ್ದು ಎರಡು ಡ್ರೈವ್‌ನಿಂದ (ನನ್ನ ಅನುಭವ)

ಎರಡು ಡ್ರೈವ್ ಬದಲಾಯಿಸಿದ್ರೆ ಸಾಕು ಅಂದಾಗ ಟೀಮಲ್ಲಿ ಯಾರೂ ನಂಬ್ಲಿಲ್ಲ. ಈಗ ಐದಾರು ತಿಂಗಳಾಯ್ತು, ಸ್ಲೋ ಅಂತ ಒಂದು ಕಂಪ್ಲೇಂಟೂ ಬಂದಿಲ್ಲ, ಅದಕ್ಕೇ ಬರೀತಿದೀನಿ.

ನಮ್ದು ಪೋಸ್ಟ್‌ಗ್ರೆಸ್ ಡೇಟಾಬೇಸ್, ಬಿಲ್ಲಿಂಗ್ ಡೇಟಾ, ಸುಮಾರು 400 ಜಿಬಿ. ಚಿಕ್ಕ ಚಿಕ್ಕ ಇನ್ಸರ್ಟ್, ಪ್ರತಿಯೊಂದಕ್ಕೂ ಕಮಿಟ್, ಅಂದ್ರೆ ಬರೆದದ್ದನ್ನ ಪಕ್ಕಾ ಮಾಡೋದು. ಲೋಡ್ ಏರಿದ ಕೂಡ್ಲೇ ಎಲ್ಲಾ ಕಚ್ಕೊಂಡು ನಿಲ್ತಿತ್ತು. ಕ್ವೆರಿ, ಇಂಡೆಕ್ಸ್ ಎಲ್ಲಾ ಮೊದಲೇ ತಿದ್ದಿ ಆಗಿತ್ತು, ಅದನ್ನ ಮತ್ತೆ ಹೇಳಲ್ಲ.

ಮೊದಲ ತಪ್ಪು ನಂದೇ. 32 ಕೋರ್ ಸರ್ವರ್ ತಗೊಂಡ್ವಿ, ವರ್ಷದ ಹಾರ್ಡ್‌ವೇರ್ ಬಜೆಟ್‌ನಲ್ಲಿ ಅರ್ಧಕ್ಕಿಂತ ಜಾಸ್ತಿ ಅಲ್ಲೇ ಕರಗೋಯ್ತು. ದುಡ್ಡು ಉಳಿಸೋಣ ಅಂತ ಹಳೇ ಡಿಸ್ಕು, ರೈಡ್ ಕಾರ್ಡನ್ನೇ (ಹಲವು ಡಿಸ್ಕ್ ಒಟ್ಟಿಗೆ ನಡೆಸೋ ಕಾರ್ಡ್) ಅದಕ್ಕೆ ಹಾಕಿದ್ವಿ. ಕ್ಲಾಕ್ 2.1 ಗಿಗಾಹರ್ಟ್ಸ್, ಹಳೇ 8 ಕೋರ್ ಬಾಕ್ಸ್‌ದು 3.6 ಇತ್ತು, ಹಾಗಾಗಿ ಒಂದೇ ಕೋರ್ ಮೇಲೆ ಓಡೋ ತಿಂಗಳ ಕೊನೆ ರಿಪೋರ್ಟ್ ಮೊದಲಿಗಿಂತ ನಿಧಾನ ಆಯ್ತು. ಆಮೇಲೆ ರ‍್ಯಾಮ್ 64ರಿಂದ 256ಕ್ಕೆ ಏರಿಸಿದ್ವಿ. ಡೇಟಾ ಓದೋ ಸೆಲೆಕ್ಟ್‌ಗಳು ಹಾರಿದ್ವು, ಕಮಿಟ್ ಮಾತ್ರ ಇದ್ದ ಹಾಗೇ ಇತ್ತು, ಯಾಕಂದ್ರೆ ವಾಲ್ (WAL, ಪ್ರತಿ ಬದಲಾವಣೆನೂ ಮೊದಲು ಬರೆದಿಡೋ ಲಾಗ್) ಡಿಸ್ಕಿಗೆ ಇಳಿಯೋವರೆಗೆ ಕಮಿಟ್ ವಾಪಸ್ ಬರಲ್ಲ, ರ‍್ಯಾಮ್ ಎಷ್ಟಿದ್ರೇನು.

ಒಂದು ರಾತ್ರಿ ಕೂತು ಪಿಜಿ_ಟೆಸ್ಟ್_ಎಫ್‌ಸಿಂಕ್ ಓಡಿಸ್ದೆ, ಸೆಕೆಂಡಿಗೆ ಎಷ್ಟು ಎಫ್‌ಸಿಂಕ್ (ಡಿಸ್ಕಿಗೆ ಪಕ್ಕಾ ಬರೆಸೋದು) ಆಗುತ್ತೆ ಅಂತ ಅಳೆಯೋ ಟೂಲ್ ಅದು. ಸೆಕೆಂಡಿಗೆ ನೂರರ ಆಸುಪಾಸು ಬಂತು. 7200 ಆರ್‌ಪಿಎಂ ಡಿಸ್ಕ್ ಸೆಕೆಂಡಿಗೆ ತಿರುಗೋದು 120 ಸುತ್ತು ತಾನೆ, ಆ ನಂಬರ್ ನೋಡಿದ ಕೂಡ್ಲೇ ರೈಡ್ ಕಾರ್ಡಿನ ಕ್ಯಾಶ್ (ಡಿಸ್ಕಿಗೆ ಹೋಗೋ ಮೊದಲು ಡೇಟಾ ಹಿಡಿದಿಡೋ ಮೆಮೊರಿ) ಕೆಲಸನೇ ಮಾಡ್ತಿಲ್ಲ ಅಂತ ಹೊಳೀತು. ಸ್ಟೇಟಸ್ ತೆಗೆದು ನೋಡಿದ್ರೆ ಬ್ಯಾಟರಿ ಸತ್ತಿದೆ, ಕಾರ್ಡ್ ತಾನೇ ರೈಟ್-ಥ್ರೂಗೆ ಹೋಗಿದೆ, ಅಂದ್ರೆ ಕ್ಯಾಶ್ ನಂಬದೆ ಪ್ರತಿ ಸಲ ಡಿಸ್ಕಿಗೇ ಬರೀತಿದೆ! ಸಾಲದು ಅಂತ ರೈಡ್ 5 ಬೇರೆ, ಒಂದು ಚಿಕ್ಕ ರೈಟಿಗೆ ನಾಲ್ಕು ಐಒ (ಡಿಸ್ಕ್ ಓದು-ಬರಹ).

ಮೊದ್ಲು ಟೆಸ್ಟಿಗೆ ಅಂತ ಡೆಸ್ಕ್‌ಟಾಪ್ ಎನ್‌ವಿಎಂಇ ಎಸ್‌ಎಸ್‌ಡಿ ಹಾಕ್ದೆ. ಡಬ್ಬದ ಮೇಲೆ ಲಕ್ಷಗಟ್ಟಲೆ ಐಒಪಿಎಸ್ (ಸೆಕೆಂಡಿಗೆ ಐಒ), ಎಫ್‌ಸಿಂಕ್ ಕೊಟ್ರೆ ಆರೇಳ್ನೂರು ಅಷ್ಟೇ. ಕರೆಂಟ್ ಹೋದ್ರೂ ಬರೆದು ಮುಗಿಸೋಕೆ ಪವರ್ ಕೊಡೋ ಕೆಪಾಸಿಟರ್ ಒಳಗೆ ಇಲ್ಲ, ಪ್ರತಿ ಸಲ ಫ್ಲ್ಯಾಶ್‌ವರೆಗೂ ಬರೆದೇ ಬರಬೇಕು. ಪವರ್ ಲಾಸ್ ಪ್ರೊಟೆಕ್ಷನ್ ಇರೋ ಡೇಟಾಸೆಂಟರ್ ಡ್ರೈವ್ ಎರಡು ತಂದು ಮಿರರ್ ಮಾಡ್ದೆ (ಎರಡರಲ್ಲೂ ಅದೇ ಡೇಟಾ), ಎಫ್‌ಸಿಂಕ್ ಸೆಕೆಂಡಿಗೆ ಹದಿನೈದು ಸಾವಿರದ ಮೇಲೆ ಹೋಯ್ತು! ಡ್ರೈವ್‌ಗಳ ಖರ್ಚು ರ‍್ಯಾಮಿಗೆ ಸುರಿದ ದುಡ್ಡಿನ ಅರ್ಧನೂ ಆಗ್ಲಿಲ್ಲ. ಆ ಸಂಜೆ ಐಒಸ್ಟ್ಯಾಟ್‌ನಲ್ಲಿ (ಡಿಸ್ಕ್ ಲೋಡ್ ತೋರಿಸೋ ಕಮಾಂಡ್) ರೈಟ್ ಅವೇಟ್, ಅಂದ್ರೆ ಒಂದು ರೈಟಿಗೆ ಕಾಯೋ ಸಮಯ, 0.05 ಮಿಲಿಸೆಕೆಂಡ್ ಅಂತ ತೋರಿಸ್ತಿದ್ದಾಗ ಸ್ಕ್ರೀನ್ ಬಿಟ್ಟು ಏಳೋಕೇ ಮನಸ್ಸಿರ್ಲಿಲ್ಲ.

ವಾಲ್‌ಗೆ ಜಾಗ ಹೇಗೆ ಬಿಟ್ಟೆ, ಕಮಿಟ್_ಡಿಲೇ (ಕಮಿಟ್‌ಗಳನ್ನ ಒಟ್ಟಿಗೆ ಬರೆಯೋಕೆ ಸ್ವಲ್ಪ ಕಾಯಿಸೋ ಸೆಟ್ಟಿಂಗ್) ಎಷ್ಟಿಟ್ಟೆ ಅನ್ನೋದು ನನ್ನ ಹತ್ರನೇ ಇರ್ಲಿ, ಅದು ಎರಡು ವಾರ ನಿದ್ದೆಗೆಟ್ಟು ಕಂಡ್ಕೊಂಡಿದ್ದು. ಮಧ್ಯೆ ಸಿಂಕ್ರೊನಸ್_ಕಮಿಟ್ (ವಾಲ್ ಡಿಸ್ಕಿಗೆ ಇಳಿಯೋವರೆಗೆ ಕಮಿಟ್ ಕಾಯಿಸೋ ಸೆಟ್ಟಿಂಗ್) ಆಫ್ ಮಾಡಿನೂ ನೋಡ್ದೆ, ಸ್ಪೀಡ್ ಸಿಕ್ತು, ಆದ್ರೆ ಕ್ರ್ಯಾಶ್ ಆದ್ರೆ ಕೊನೇ ಅರ್ಧ ಸೆಕೆಂಡಿನ ಬಿಲ್ ಹೋಗುತ್ತೆ, ಬಿಲ್ಲಿಂಗಲ್ಲಿ ಅದು ಆಗದ ಮಾತು. ಲಾಗ್ ಟೇಬಲ್‌ಗೆ ಬರೆಯೋ ಟ್ರಾನ್ಸಾಕ್ಷನ್‌ಗೆ ಮಾತ್ರ ಉಳಿಸ್ಕೊಂಡೆ.

ಅದೇ ಡ್ರೈವ್‌ಗಳನ್ನ ಅಡಾಪ್ಟರ್ ಹಾಕಿ ಹಳೇ 8 ಕೋರ್ ಬಾಕ್ಸಿಗೂ ಸಿಕ್ಕಿಸಿ ನೋಡ್ದೆ. 64 ಜಿಬಿ ರ‍್ಯಾಮಲ್ಲೇ ತಿಂಗಳ ರಿಪೋರ್ಟ್‌ನ 32 ಕೋರ್‌ಗಿಂತ ಬೇಗ ಮುಗಿಸ್ತು. ಈಗ ಅದೇ ಪ್ರೈಮರಿ (ಮುಖ್ಯ ಸರ್ವರ್), ದೊಡ್ಡದು ರೆಪ್ಲಿಕಾ (ಅದರ ನಕಲು).