ಅಡಿಕೆ ವಖಾರಿಯ ಲೆಕ್ಕಕ್ಕೆ ಬ್ಯಾಕಪ್: ನಾನು ಆರಿಸಿದ್ದು, ಬಿಟ್ಟಿದ್ದು

ಬ್ಯಾಕಪ್ ಮಾತು ಬಂದ ಕೂಡಲೇ ಅಂಗಡಿಯವರು ಕೇಳುವುದು ‘ಎಷ್ಟು ಟಿಬಿ ಡಿಸ್ಕ್ ತರಲಿ?’ ಅಂತ. ನಾನು ಅದನ್ನು ಕೊನೆಗಿಟ್ಟು ಬೇರೆ ಎರಡು ಕೇಳುತ್ತೇನೆ. ಕಂಪ್ಯೂಟರ್ ಕೈಕೊಟ್ಟರೆ ಎಷ್ಟು ಹೊತ್ತಿನೊಳಗೆ ಮತ್ತೆ ಪಟ್ಟಿ ಹರಿಯಬೇಕು? ಎಷ್ಟು ದಿನದ ಎಂಟ್ರಿಯನ್ನು ಕಾಗದ ನೋಡಿ ಮತ್ತೆ ಹಾಕಲು ಸಾಧ್ಯ? ಶಿರಸಿಯ ಈ ವಖಾರಿಯಲ್ಲಿ ಮೂರು ಕಂಪ್ಯೂಟರ್. ಲೆಕ್ಕ ಇಡುವ ಸಾಫ್ಟ್‌ವೇರ್ ಟ್ಯಾಲಿಯ ಡೇಟಾ ಇರುವುದು ಒಂದರಲ್ಲಿ, ಉಳಿದೆರಡು ನೆಟ್‌ವರ್ಕ್ ಮೂಲಕ ಅದನ್ನೇ ತೆರೆಯುತ್ತವೆ. ರಾಶಿ, ಚಾಲಿ ಅಡಿಕೆ ಬರುವ ಸೀಸನ್ನಿನಲ್ಲಿ ಅರ್ಧ ದಿನಕ್ಕಿಂತ ಹೆಚ್ಚು ಲೆಕ್ಕ ನಿಲ್ಲುವಂತಿಲ್ಲ. ಒಂದು ದಿನದ ಎಂಟ್ರಿಯನ್ನು ತೂಕದ ಚೀಟಿ ನೋಡಿ ರಾತ್ರಿ ಕೂತು ಹಾಕಿಬಿಡಬಹುದು, ವಾರದ್ದಾದರೆ ಆಗುವ ಮಾತಲ್ಲ. ಅಲ್ಲಿಗೆ ದಿನಕ್ಕೊಂದು ಬ್ಯಾಕಪ್ ಬೇಕು, ಅರ್ಧ ದಿನದಲ್ಲಿ ಇಡೀ ಯಂತ್ರ ಎದ್ದು ನಿಲ್ಲಬೇಕು ಎನ್ನುವುದು ಖಚಿತವಾಯಿತು. ಮುಂದಿನದೆಲ್ಲ ಇದರ ಮೇಲೆ ನಿಂತಿದೆ.

ದಿನದ ಬ್ಯಾಕಪ್‌ಗೆ ಟ್ಯಾಲಿಯದೇ ಸೌಲಭ್ಯ ಸಾಕು. ಟ್ಯಾಲಿಪ್ರೈಮ್‌ನಲ್ಲಿ ಆಲ್ಟ್ ಹಿಡಿದು ವೈ ಒತ್ತಿದರೆ ಡೇಟಾ ಮೆನು ಬರುತ್ತದೆ, ಅದರಲ್ಲಿ ಬ್ಯಾಕಪ್. ಉಳಿದ ಇಬ್ಬರೂ ಟ್ಯಾಲಿಯಿಂದ ಹೊರಬಂದ ಮೇಲೆಯೇ ಮಾಡಬೇಕು. ಡೇಟಾ ಫೋಲ್ಡರನ್ನು ನೇರವಾಗಿ ಕಾಪಿ ಹೊಡೆಯುವವರು ಇದನ್ನು ಮರೆತು, ಯಾರೋ ಎಂಟ್ರಿ ಹಾಕುತ್ತಿರುವಾಗಲೇ ಎಳೆಯುತ್ತಾರೆ. ಆಗ ಕೆಲವು ಫೈಲ್ ಹಳೆಯದು, ಕೆಲವು ಹೊಸದು ಆಗಿ, ಆ ಪ್ರತಿ ತೆರೆಯುವಾಗ ಎರರ್ ಕೊಡುತ್ತದೆ. ಪ್ರತಿದಿನಕ್ಕೂ ತಾರೀಖಿನ ಹೆಸರಿನ ಬೇರೆ ಫೋಲ್ಡರ್ ಇಟ್ಟಿದ್ದೇನೆ. ಒಂದೇ ಫೋಲ್ಡರಿಗೆ ಬರೆಯುತ್ತ ಹೋದರೆ, ಸೋಮವಾರ ಕೆಟ್ಟ ಡೇಟಾ ಮಂಗಳವಾರ ಒಳ್ಳೆಯ ಬ್ಯಾಕಪ್ಪನ್ನೂ ನುಂಗುತ್ತದೆ. ವಿಂಡೋಸ್‌ನದೇ ಕಾಪಿ ಕಮಾಂಡ್ ಆದ ರೋಬೋಕಾಪಿ ಬಳಸುವವರು ‘ಮಿರರ್’ ಸ್ವಿಚ್ ಹಾಕಬೇಡಿ. ಮೂಲದಲ್ಲಿ ಅಳಿದದ್ದನ್ನು ಅದು ಪ್ರತಿಯಲ್ಲೂ ಅಳಿಸುತ್ತದೆ.

ಎರಡನೆಯದು ಇಡೀ ಕಂಪ್ಯೂಟರಿನ ಇಮೇಜ್, ಅಂದರೆ ಡಿಸ್ಕಿನಲ್ಲಿರುವುದೆಲ್ಲದರ ಯಥಾವತ್ ಪ್ರತಿ. ವಿಂಡೋಸ್, ಪ್ರಿಂಟರ್ ಡ್ರೈವರ್, ಟ್ಯಾಲಿ, ಬಿಲ್ಲಿನ ನಮೂನೆ ಎಲ್ಲ ಮತ್ತೆ ಹಾಕಲು ಒಂದು ದಿನ ಹೋಗುತ್ತದೆ. ಇಮೇಜ್ ಇದ್ದರೆ ಎರಡು ಮೂರು ತಾಸು. ಇಮೇಜ್ ತೆಗೆಯಲು ವೀಮ್ ಏಜೆಂಟ್ ಎಂಬ ಸಾಫ್ಟ್‌ವೇರಿನ ಉಚಿತ ಆವೃತ್ತಿ ಆರಿಸಿದೆ. ಅದರ ರಿಕವರಿ ಪೆನ್‌ಡ್ರೈವನ್ನು ಮೊದಲೇ ಮಾಡಿ, ಒಮ್ಮೆ ಅದರಿಂದ ಬೂಟ್ ಮಾಡಿ ಡಿಸ್ಕ್ ಕಾಣುತ್ತದೆಯೇ ನೋಡಿಕೊಳ್ಳಬೇಕು. ಯಂತ್ರ ಸತ್ತ ಮೇಲೆ ಆ ಪೆನ್‌ಡ್ರೈವ್ ಮಾಡಲು ಹೊರಟರೆ ಇನ್ನೊಂದು ಕಂಪ್ಯೂಟರ್ ಹುಡುಕಬೇಕು.

ಇಮೇಜಿಗೆ 1 ಟಿಬಿಯ ಎರಡು ಯುಎಸ್‌ಬಿ ಹಾರ್ಡ್‌ಡಿಸ್ಕ್. ಬಳಕೆಯಾದ ಜಾಗದ ಮೂರು ಪಟ್ಟು ಇದ್ದರೆ ಹಳೆಯ ಆವೃತ್ತಿಗಳಿಗೂ ಜಾಗ ಸಿಗುತ್ತದೆ ಎನ್ನುವುದು ನನ್ನ ಲೆಕ್ಕ. ಎರಡನ್ನೂ ಎನ್‌ಟಿಎಫ್‌ಎಸ್‌ಗೆ ಫಾರ್ಮ್ಯಾಟ್ ಮಾಡಿದ್ದೇನೆ. ಫ್ಯಾಟ್32 ಇದ್ದರೆ 4 ಜಿಬಿಗಿಂತ ದೊಡ್ಡ ಫೈಲ್ ಕೂರುವುದಿಲ್ಲ. ವಾರಕ್ಕೊಮ್ಮೆ ಅದಲುಬದಲು: ಒಂದು ಅಂಗಡಿಯಲ್ಲಿ, ಒಂದು ಯಜಮಾನರ ಮನೆಯಲ್ಲಿ. ಬ್ಯಾಕಪ್ ಮುಗಿದ ಕೂಡಲೇ ವೈರ್ ಕಿತ್ತಿಡಬೇಕು. ಈ ಒಂದು ವಿಷಯದಲ್ಲಿ ನಾನು ಹಟ ಬಿಡುವುದಿಲ್ಲ. ಫೈಲಿಗೆ ಬೀಗ ಹಾಕಿ ಹಣ ಕೇಳುವ ರಾನ್ಸಮ್‌ವೇರ್ ಬಂದರೆ ಸಿಕ್ಕಿಸಿಟ್ಟ ಡಿಸ್ಕ್, ಬರೆಯಲು ಅನುಮತಿ ಇರುವ ಶೇರ್ ಫೋಲ್ಡರ್ ಎಲ್ಲಕ್ಕೂ ಬೀಗ ಬೀಳುತ್ತದೆ. ಸಿಡಿಲಿಗೂ ಅಷ್ಟೇ. ಏಪ್ರಿಲ್, ಮೇ ತಿಂಗಳ ಗುಡುಗು ಮಳೆಗೆ ಘಟ್ಟದ ಮೇಲೆ ಸುಡುವುದು ಹೆಚ್ಚಾಗಿ ಪವರ್ ಲೈನಿನಿಂದ, ಇಲ್ಲವೇ ರೂಟರಿನಿಂದ ಬರುವ ಲ್ಯಾನ್ ವೈರಿನಿಂದ. ಯುಪಿಎಸ್ ಇದ್ದರೂ ಲ್ಯಾನ್ ಕಡೆಯ ದಾರಿ ತೆರೆದೇ ಇರುತ್ತದೆ.

ನ್ಯಾಸ್ ಪೆಟ್ಟಿಗೆ, ಅಂದರೆ ಎಲ್ಲ ಕಂಪ್ಯೂಟರಿಗೂ ನೆಟ್‌ವರ್ಕ್ ಮೂಲಕ ಸಿಗುವ ಡಿಸ್ಕ್ ಪೆಟ್ಟಿಗೆ, ಯಾಕೆ ಬೇಡ ಎಂದೆ ಎಂದರೆ, ಅದರೊಳಗಿನ ಎರಡು ಡಿಸ್ಕಿಗೂ ಒಂದೇ ಡೇಟಾ ಬರೆಯುವ ರೇಯ್ಡ್ ಕಾಯುವುದು ಡಿಸ್ಕ್ ಸತ್ತಾಗ ಮಾತ್ರ. ತಪ್ಪಿ ಅಳಿಸಿದ್ದು, ಕಳವು, ಸಿಡಿಲು ಇವು ಎರಡೂ ಡಿಸ್ಕಿಗೆ ಒಟ್ಟಿಗೇ ತಟ್ಟುತ್ತವೆ. ಏಳೆಂಟು ಕಂಪ್ಯೂಟರಿನ ಆಫೀಸಾದರೆ ಸ್ನ್ಯಾಪ್‌ಶಾಟ್ (ಆಯಾ ಹೊತ್ತಿನ ಸ್ಥಿತಿಯನ್ನು ಹಿಡಿದಿಡುವ ಸೌಲಭ್ಯ) ಇರುವ ನ್ಯಾಸ್ ಒಳ್ಳೆಯದೇ. ಮೂರಕ್ಕೆ ಅದು ನೋಡಿಕೊಳ್ಳಬೇಕಾದ ನಾಲ್ಕನೇ ಕಂಪ್ಯೂಟರ್ ಅಷ್ಟೇ.

ಮೂರನೆಯ ಪ್ರತಿ ಊರಿನ ಹೊರಗೆ ಬೇಕು. ಕುಮಟಾದ ಸಂಬಂಧಿಕರ ಮನೆಯಲ್ಲಿ ಡಿಸ್ಕ್ ಇಡುವ ಯೋಚನೆ ಇತ್ತು. ಮಳೆಗಾಲದಲ್ಲಿ ದೇವಿಮನೆ ಘಟ್ಟದಲ್ಲಿ ಮಣ್ಣು ಕುಸಿದರೆ ಡಿಸ್ಕ್ ಅತ್ತ, ಅಂಗಡಿ ಇತ್ತ. 2024ರ ಜುಲೈನಲ್ಲಿ ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯೇ ಬಂದ್ ಆಗಿದ್ದು ಎಲ್ಲರಿಗೂ ಗೊತ್ತು. ಹಾಗಾಗಿ ಕ್ಲೌಡ್. ಇಲ್ಲಿ ನೋಡಬೇಕಾದ್ದು ಅಪ್‌ಲೋಡ್ ವೇಗ: 10 ಎಂಬಿಪಿಎಸ್‌ನಲ್ಲಿ 200 ಜಿಬಿಯ ಇಮೇಜ್ ಏರಿಸಲು 44 ತಾಸು ಬೇಕು, ಅದೂ ಕರೆಂಟ್, ನೆಟ್ ಎರಡೂ ಹೋಗದಿದ್ದರೆ. ಟ್ಯಾಲಿ ಬ್ಯಾಕಪ್ ಮತ್ತು ಸ್ಕ್ಯಾನ್ ಮಾಡಿದ ಬಿಲ್ ಸೇರಿ 1 ಜಿಬಿ ಆದರೂ ಕಾಲು ತಾಸಿನೊಳಗೆ ಹೋಗುತ್ತದೆ. ಅವೆರಡನ್ನು ಮಾತ್ರ ಕಳಿಸುತ್ತೇನೆ. ಗೂಗಲ್ ಡ್ರೈವ್‌ನ ಸಿಂಕ್ ಫೋಲ್ಡರಿನಲ್ಲೇ (ಕ್ಲೌಡ್ ಜತೆ ತಾನಾಗಿ ಹೊಂದಿಕೊಳ್ಳುತ್ತಿರುವ ಫೋಲ್ಡರ್) ಟ್ಯಾಲಿ ಡೇಟಾ ಇಟ್ಟು ನಿಶ್ಚಿಂತೆಯಾಗಿರುವವರಿದ್ದಾರೆ. ಇಲ್ಲಿ ಅಳಿದದ್ದು ಅಲ್ಲೂ ಅಳಿಯುತ್ತದೆ. ಗೂಗಲ್ ಡ್ರೈವ್‌ನ ಟ್ರ್ಯಾಶ್ 30 ದಿನದ ಮೇಲೆ ಖಾಲಿಯಾಗುತ್ತದೆ. ಡುಪ್ಲಿಕಾಟಿ ಎಂಬ ಬ್ಯಾಕಪ್ ಸಾಫ್ಟ್‌ವೇರ್ ಬಳಸಿದರೆ ಹಳೆಯ ಆವೃತ್ತಿಗಳು ಉಳಿಯುತ್ತವೆ, ಮೇಲೆ ಹೋಗುವ ಮೊದಲೇ ಎನ್‌ಕ್ರಿಪ್ಟ್ ಆಗುತ್ತದೆ. ಆದರೆ ಅದರ ಪಾಸ್‌ವರ್ಡ್ ಕಳೆದರೆ ಆ ಬ್ಯಾಕಪ್ಪೂ ಹೋದಂತೆ. ಟ್ಯಾಲಿ ಡೇಟಾಕ್ಕೆ ಬೀಗ ಹಾಕುವ ಟ್ಯಾಲಿವಾಲ್ಟ್ ಪಾಸ್‌ವರ್ಡಿಗೂ ಇದೇ ಮಾತು. ಎರಡನ್ನೂ ಕಾಗದದಲ್ಲಿ ಬರೆದು ತಿಜೋರಿಯಲ್ಲಿಡಿ.

ತಿಂಗಳಿಗೊಮ್ಮೆ ವಾಪಸ್ ತಂದು ನೋಡುವ ಕೆಲಸ, ಬೇರೆ ಕಂಪ್ಯೂಟರಿನಲ್ಲಿ, ಹೊಸ ಖಾಲಿ ಫೋಲ್ಡರಿಗೆ. ಚಾಲ್ತಿ ಡೇಟಾ ಫೋಲ್ಡರಿಗೇ ರಿಸ್ಟೋರ್ ಕೊಟ್ಟರೆ ಇವತ್ತಿನ ಲೆಕ್ಕದ ಮೇಲೆ ಹಳೆಯದು ಕೂತುಬಿಡುತ್ತದೆ. ತೆರೆದ ಮೇಲೆ ಮೂರು ತಾಳೆ ನೋಡುತ್ತೇನೆ: ಕೊನೆಯ ವೋಚರ್ ನಂಬರ್, ನಗದು ಶಿಲ್ಕು, ಯಾರಾದರೂ ಒಬ್ಬ ರೈತರ ಖಾತೆಯ ಬಾಕಿ. ‘ಬ್ಯಾಕಪ್ ಯಶಸ್ವಿ’ ಎಂಬ ಸಂದೇಶವನ್ನು ನಾನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಹೊಸ ಯಂತ್ರದಲ್ಲಿ ಟ್ಯಾಲಿ ಲೈಸೆನ್ಸ್ ಎಬ್ಬಿಸಲು ಸೀರಿಯಲ್ ನಂಬರ್ ಮತ್ತು ಅಡ್ಮಿನ್ ಇಮೇಲ್ ಬೇಕಾಗುತ್ತದೆ. ಆ ಇಮೇಲ್ ಬಿಟ್ಟುಹೋದ ಗುಮಾಸ್ತನದ್ದಾಗಿದ್ದರೆ ಅರ್ಧ ದಿನದ ಲೆಕ್ಕಾಚಾರವೆಲ್ಲ ತಲೆಕೆಳಗು, ಈಗಲೇ ಬದಲಿಸಿಕೊಳ್ಳಿ.

ಲೆಕ್ಕದ ವರ್ಷ ಮುಗಿಯುವ ಮಾರ್ಚ್ 31ರ ಪ್ರತಿ ಬೇರೆ. ಜಿಎಸ್‌ಟಿ ಕಾಯ್ದೆಯ 36ನೇ ಸೆಕ್ಷನ್ ಪ್ರಕಾರ ವಾರ್ಷಿಕ ರಿಟರ್ನ್‌ನ ಕೊನೆಯ ದಿನಾಂಕದಿಂದ 72 ತಿಂಗಳು ಲೆಕ್ಕ ಇಡಬೇಕು, ನಿಯಮ 57 ಎಲೆಕ್ಟ್ರಾನಿಕ್ ಲೆಕ್ಕಕ್ಕೆ ಬ್ಯಾಕಪ್ ಇರಲೇಬೇಕು ಎನ್ನುತ್ತದೆ. ಪ್ರೈವೇಟ್ ಲಿಮಿಟೆಡ್ ಕಂಪನಿಯಾದರೆ ದಿನವೂ ಭಾರತದೊಳಗಿನ ಸರ್ವರಿನಲ್ಲೇ ಬ್ಯಾಕಪ್ ಇರಬೇಕು, ಕ್ಲೌಡ್ ಆರಿಸುವಾಗ ಅದನ್ನು ಕೇಳಿಕೊಳ್ಳಿ. ವರ್ಷದ ಪ್ರತಿಗೆ ಪೆನ್‌ಡ್ರೈವ್, ಎಸ್‌ಎಸ್‌ಡಿ ಬೇಡ. ಕರೆಂಟ್ ಕಾಣದೆ ವರ್ಷಗಟ್ಟಲೆ ಬಿದ್ದರೆ ಅವುಗಳ ಚಾರ್ಜ್ ಸೋರುತ್ತದೆ. ಹಾರ್ಡ್‌ಡಿಸ್ಕನ್ನು ಸಿಲಿಕಾ ಜೆಲ್ ಹಾಕಿದ ಬಿಗಿ ಮುಚ್ಚಳದ ಡಬ್ಬಿಯಲ್ಲಿಟ್ಟು, ಜೆಲ್ಲನ್ನು ಮಳೆಗಾಲ ಶುರುವಾಗುವ ಮೊದಲು ಬದಲಿಸುತ್ತೇನೆ. ಕಾರವಾರ, ಹೊನ್ನಾವರದ ಕಡೆ ಉಪ್ಪುಗಾಳಿಗೆ ಯುಎಸ್‌ಬಿ ಪಿನ್ನೂ ಕಿಲುಬು ಹಿಡಿಯುತ್ತದೆ. ಡಿಸ್ಕ್ ಬಿಟ್ಟುಬಿಟ್ಟು ಸಿಕ್ಕರೆ, ಡಿಸ್ಕ್ ಹೋಯಿತು ಎನ್ನುವ ಮೊದಲು ವೈರ್ ಬದಲಿಸಿ, ಪಿನ್ನನ್ನು ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿದ ಬ್ರಶ್ಶಿನಿಂದ ಉಜ್ಜಿ, ಪೂರ್ತಿ ಒಣಗಿದ ಮೇಲೆ ಹಾಕಿ ನೋಡಿ.