ಹೋಟೆಲ್ ಯೋಜನೆಗೆ ನಾವು ಆಕ್ಷೇಪಣೆ ಸಲ್ಲಿಸಿದ ಬಗೆ

ಪಾರಂಪರಿಕ ಕಟ್ಟಡಗಳ ಸಾಲಿಗೆ ತಾಗಿಕೊಂಡು ಬಹುಮಹಡಿ ಹೋಟೆಲೊಂದು ಬರಲಿದೆ ಎಂಬ ಪ್ರಕಟಣೆ ಹೊರಬಿದ್ದಾಗ, ನಿವಾಸಿಗಳ ಆಕ್ಷೇಪಣೆಗಳನ್ನು ಸಿದ್ಧಪಡಿಸುವ ಹೊಣೆಯನ್ನು ನಾನು ವಹಿಸಿಕೊಂಡೆ. ಮೊದಲ ಸಭೆಯಲ್ಲಿ ಬಹುತೇಕರು ಎತ್ತರದ ಬಗ್ಗೆಯೇ ಮಾತನಾಡಿದರು. ಒಂದೇ ಒಕ್ಕಣೆಯ ಪತ್ರಕ್ಕೆ ಎಲ್ಲರಿಂದ ಸಹಿ ಹಾಕಿಸಿ ಕೊಟ್ಟುಬಿಡೋಣ ಎಂಬ ಸಲಹೆಯೂ ಬಂತು. ನಾನು ಅದನ್ನು ಒಪ್ಪಲಿಲ್ಲ. ಸಹಿಗಳಿಂದ ಜನರ ಅಸಮಾಧಾನ ತಿಳಿಯುತ್ತದೆಯೇ ಹೊರತು ಯಾವ ಗೋಡೆಗೆ ಯಾವ ಕಾರಣದಿಂದ ಧಕ್ಕೆಯಾಗುತ್ತದೆ ಎಂಬುದು ತಿಳಿಯುವುದಿಲ್ಲ. ಅನುಮತಿ ನೀಡುವವರು ಉತ್ತರಿಸಲೇಬೇಕಾದ ಪ್ರಶ್ನೆ ಈ ಎರಡನೆಯದು.

ಅರ್ಜಿಯೊಂದಿಗಿದ್ದ ನಕ್ಷೆಗಳಲ್ಲಿ ನಾನು ಹೆಚ್ಚು ಹೊತ್ತು ನೋಡಿದ್ದು ನೆಲಮಾಳಿಗೆಯ ಅಡ್ಡಕೊಯ್ತವನ್ನು. ವಾಹನ ನಿಲುಗಡೆಗೆಂದು ತೋರಿಸಿದ್ದ ಆ ಅಗೆತ ನೆರೆಯ ಕಟ್ಟಡಗಳ ಕಲ್ಲಿನ ಅಡಿಪಾಯಕ್ಕಿಂತ ಬಹಳ ಕೆಳಗೆ ಇಳಿದಿತ್ತು. ಅಷ್ಟು ಆಳದಲ್ಲಿ ನೀರನ್ನು ಪಂಪ್ ಮಾಡಿ ಹೊರಹಾಕುತ್ತಾ ಹೋದರೆ ಸುತ್ತಲಿನ ಅಂತರ್ಜಲದ ಮಟ್ಟ ಇಳಿಯುತ್ತದೆ, ಜೇಡಿಮಣ್ಣು ಕುಗ್ಗುತ್ತದೆ, ಅಗೆತಕ್ಕೆ ಹತ್ತಿರವಿರುವ ಗೋಡೆ ದೂರದ ಗೋಡೆಗಿಂತ ಹೆಚ್ಚು ಕುಸಿಯುತ್ತದೆ. ಸುಣ್ಣದ ಗಾರೆಯ ಗೋಡೆ ನಿಧಾನವಾದ, ಸಮನಾದ ಕುಸಿತವನ್ನು ಒಂದಿಷ್ಟು ತಾಳಿಕೊಳ್ಳಬಲ್ಲದು. ಅಸಮ ಕುಸಿತವಾದರೆ ಮಾತ್ರ ಕಮಾನಿನ ನೆತ್ತಿಯಲ್ಲಿಯೋ ಕಿಟಕಿಯ ಮೂಲೆಯಲ್ಲಿಯೋ ಬಿರುಕು ಬಿಡುತ್ತದೆ.

ಕಾಮಗಾರಿಯಿಂದ ನೆಲದಲ್ಲಿ ಉಂಟಾಗುವ ಕಂಪನದ ವಿಷಯದಲ್ಲಿ ನಮಗೆ ಇನ್ನೂ ಗಟ್ಟಿಯಾದ ಆಧಾರ ದೊರೆಯಿತು. ಜರ್ಮನಿಯ ಡಿಐಎನ್ 4150 ಮಾನದಂಡದ 3ನೇ ಭಾಗವು ಅಲ್ಪಾವಧಿಯ ಕಂಪನದ ವೇಗಕ್ಕೆ ಮಾರ್ಗದರ್ಶಿ ಮಿತಿಗಳನ್ನು ಸೂಚಿಸುತ್ತದೆ. ಅಡಿಪಾಯದಲ್ಲಿ, 10 ಹರ್ಟ್ಸ್‌ಗಿಂತ ಕಡಿಮೆ ಆವರ್ತನದಲ್ಲಿ, ವಾಣಿಜ್ಯ ಕಟ್ಟಡಗಳಿಗೆ ಸೆಕೆಂಡಿಗೆ 20 ಮಿಲಿಮೀಟರ್, ವಾಸದ ಮನೆಗಳಿಗೆ 5, ಸಂರಕ್ಷಿತವಾದ ಸೂಕ್ಷ್ಮ ಕಟ್ಟಡಗಳಿಗೆ ಕೇವಲ 3. ಅರ್ಜಿದಾರರ ವರದಿ ಇಡೀ ಸಾಲಿಗೆ ವಾಣಿಜ್ಯ ಕಟ್ಟಡದ ಮಿತಿಯನ್ನೇ ಅನ್ವಯಿಸಿತ್ತು. ನಮ್ಮ ಮನವಿಯ ಮೊದಲ ಪುಟದಲ್ಲೇ ಈ ಅಂಕಿಗಳನ್ನು ಅಕ್ಕಪಕ್ಕದಲ್ಲಿಟ್ಟೆವು.

ಉಳಿದ ಪತ್ರಗಳನ್ನು ಪ್ರತಿಯೊಬ್ಬರೂ ತಮ್ಮ ಕಟ್ಟಡದ ಕುರಿತು ತಾವೇ ಬರೆಯಬೇಕೆಂದು ಕೇಳಿಕೊಂಡೆ. ಈ ಕೆಲಸಕ್ಕೆ ಎಲ್ಲಕ್ಕಿಂತ ಹೆಚ್ಚು ತಾಳ್ಮೆ ಬೇಕಾಯಿತು, ಫಲ ಕೊಟ್ಟದ್ದೂ ಇದೇ ಎಂದು ನಾನು ದೃಢವಾಗಿ ನಂಬುತ್ತೇನೆ. ಹಿಂದೆ ಬಿದ್ದ ಬಿರುಕನ್ನು ಯಾವಾಗ, ಯಾವುದರಿಂದ ಮುಚ್ಚಿದರು, ಬಾವಿಯ ನೀರು ಯಾವ ತಿಂಗಳಲ್ಲಿ ಎಷ್ಟು ಕೆಳಗಿಳಿಯುತ್ತದೆ, ಯಾವ ತೊಲೆಗೆ ಈಗಾಗಲೇ ಊರೆ ಕೊಡಲಾಗಿದೆ ಎಂಬ ವಿವರಗಳು ಮನೆಯವರಿಗಲ್ಲದೆ ಬೇರಾರಿಗೂ ಗೊತ್ತಿರುವುದಿಲ್ಲ. ಪ್ರತಿ ಬಿರುಕಿನ ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು, ದಿನಾಂಕ ನಮೂದಿಸಿ ತೆಗೆದ ಛಾಯಾಚಿತ್ರಗಳನ್ನೂ ಲಗತ್ತಿಸಿದೆವು. ಮುಂದೆ ಹಾನಿಯಾದರೆ, ಕಾಮಗಾರಿಗೆ ಮುಂಚಿನ ಸ್ಥಿತಿ ಹೇಗಿತ್ತೆಂದು ತೋರಿಸಲು ಇಂಥ ದಾಖಲೆ ಬೇಕೇ ಬೇಕು.

ಎತ್ತರದ ಪ್ರಶ್ನೆಯನ್ನು ನಾವು ಕೈಬಿಡಲಿಲ್ಲ. ಪಾರಂಪರಿಕ ತಾಣದ ಸುತ್ತಲಿನ ಪರಿಸರವೂ ಅದರ ಮಹತ್ವದ ಭಾಗವೆಂದು ಸ್ಮಾರಕಗಳು ಮತ್ತು ತಾಣಗಳ ಅಂತರರಾಷ್ಟ್ರೀಯ ಮಂಡಳಿಯಾದ ಇಕೋಮಾಸ್ ಸಂಸ್ಥೆಯ 2005ರ ಷಿಯಾನ್ ಘೋಷಣೆ ಸ್ಪಷ್ಟವಾಗಿ ಹೇಳುತ್ತದೆ. ಹೋಟೆಲೂ ಸೇರಿದ್ದ ಹೊಯ್‌ಮಾರ್ಕ್ಟ್ ಬಹುಮಹಡಿ ಯೋಜನೆಯ ಕಾರಣದಿಂದ ವಿಯೆನ್ನಾದ ಐತಿಹಾಸಿಕ ಕೇಂದ್ರವನ್ನು ಯುನೆಸ್ಕೋ 2017ರಲ್ಲಿ ಅಪಾಯದಲ್ಲಿರುವ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದ್ದನ್ನೂ ಉಲ್ಲೇಖಿಸಿದೆವು.

ವಿಚಾರಣೆಯಲ್ಲಿ ಹೋಟೆಲ್ ಬೇಡವೆಂದು ನಾವು ವಾದಿಸಲಿಲ್ಲ. ಪ್ರವಾಸಿಗರು ಬರುವುದೇ ಈ ಕಟ್ಟಡಗಳಿಗಾಗಿ. ಖಾಲಿ ಬಿದ್ದಿರುವ ಹಳೆಯ ಕಟ್ಟಡಗಳನ್ನು ದುರಸ್ತಿ ಮಾಡಿ ಅತಿಥಿಗೃಹವಾಗಿಸಿದರೆ ನಮ್ಮ ಬೆಂಬಲವಿದೆ ಎಂದು ಲಿಖಿತವಾಗಿಯೇ ತಿಳಿಸಿದೆವು. ಪರಿಷ್ಕೃತ ನಕ್ಷೆಯಲ್ಲಿ ನೆಲಮಾಳಿಗೆ ಇರಲಿಲ್ಲ. ಎತ್ತರ ಮಾತ್ರ ನಾವು ಕೇಳಿದಷ್ಟು ಇಳಿಯಲಿಲ್ಲ, ಅದರ ಮೇಲಿನ ಆಕ್ಷೇಪಣೆ ಇನ್ನೂ ಬಾಕಿ ಇದೆ. ಕಾಮಗಾರಿ ನಡೆಯುವಷ್ಟು ಕಾಲ ನೆರೆಯ ಅಡಿಪಾಯಗಳಲ್ಲಿ ಕಂಪನಮಾಪಕ ಇರಬೇಕು, ಸೆಕೆಂಡಿಗೆ 3 ಮಿಲಿಮೀಟರ್ ದಾಟಿದರೆ ಕೆಲಸ ನಿಲ್ಲಬೇಕು ಎಂಬ ಷರತ್ತು ಅನುಮತಿ ಪತ್ರದಲ್ಲಿ ಸೇರಿತು. ಮಾಪಕದ ವಾಚನಗಳ ಪ್ರತಿಯನ್ನು ನಿವಾಸಿಗಳಿಗೂ ಕೊಡಬೇಕೆಂದು ಈಗ ಕೇಳುತ್ತಿದ್ದೇವೆ.